ಚೀಟಿ ಇಲ್ಲದ ಡಿಸ್ಕ್

‘ಈ ಡಿಸ್ಕ್ ಇನ್ನೂ ಸಿದ್ಧವಾಗಿಲ್ಲ, ಸಿದ್ಧಪಡಿಸಲೇ?’ ಎಂದು ಸರ್ವರ್ ಕೇಳಿತು. “ಖಾಲಿ ಡಿಸ್ಕ್” ಎಂದು ಗೊಣಗಿ ನಾನು ಮೌಸನ್ನು ‘ಹೌದು’ ಕಡೆಗೆ ಒಯ್ದೆ.

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸ್. ಯಾವ ಬೆಳೆಗಾರರ ಚೀಲ ಯಾವ ಗೋದಾಮಿನಲ್ಲಿದೆ ಎಂಬ ದಾಖಲೆಯೆಲ್ಲ ನೆಟ್‌ವರ್ಕಿನ ಒಂದೇ ಡಿಸ್ಕಿನಲ್ಲಿತ್ತು. ಅದನ್ನು ಇದ್ದ ಹಾಗೆಯೇ, ಸರ್ವರ್‌ನೊಳಗೆ ಬೇರೆ ಕಂಪ್ಯೂಟರಿನಂತೆ ನಡೆಯುವ ವರ್ಚುವಲ್ ಮಷೀನ್‌ಗೆ ನೇರವಾಗಿ ಜೋಡಿಸಬೇಕಿತ್ತು. ಪರದೆಯಲ್ಲಿ ಕಂಡದ್ದು ಹಿಂದಿನ ದಿನ ತಂದ ಹೊಸ ಡಿಸ್ಕ್ ಎಂದುಕೊಂಡಿದ್ದೆ.

ಯಾವುದೋ ಲಾಟಿನ ಚೀಲಗಳ ಬಗ್ಗೆ ವಿಚಾರಿಸಲು ಬಂದಿದ್ದ ಗೋದಾಮಿನ ಇಬ್ರಾಹಿಂ ಸಾಹೇಬರು ಹಿಂದಿನಿಂದ, “ಖಾಲಿ ಅಂತ ಹೇಗೆ ಗೊತ್ತಾಯ್ತು ಮಾರಾಯ್ರೇ? ಚೀಟಿ ಬಿದ್ದುಹೋದ ಚೀಲಾನ ನಾವು ಚುಚ್ಚಿ ನೋಡ್ದೆ ಬಿಸಾಡಲ್ಲಪ್ಪ” ಎಂದರು.

ಕೈ ನಿಂತಿತು. ಪರದೆಯಲ್ಲಿದ್ದ ಡಿಸ್ಕಿನ ಸಂಖ್ಯೆಯನ್ನು, ನಮ್ಮ ಡಿಸ್ಕುಗಳ ಸಂಖ್ಯೆ ಬರೆದಿಟ್ಟಿದ್ದ ಕಾಗದದೊಂದಿಗೆ ತಾಳೆ ನೋಡಿದೆ. ಅದು ದಾಖಲೆಗಳ ಡಿಸ್ಕೇ! ಒಳಗಿನದನ್ನು ಓದಲು ವರ್ಚುವಲ್ ಮಷೀನ್‌ಗೆ ಬರುತ್ತಿತ್ತು, ಸರ್ವರ್‌ಗೆ ಬರುತ್ತಿರಲಿಲ್ಲ, ಅಷ್ಟೆ. ‘ಹೌದು’ ಒತ್ತಿದ್ದರೆ ಎಲ್ಲವೂ ಅಳಿಸಿಹೋಗಬಹುದಿತ್ತು. ವರ್ಚುವಲ್ ಮಷೀನ್‌ಗೆ ಜೋಡಿಸಿದೊಡನೆ ಸಂಸೆ, ಬಣಕಲ್, ವಸ್ತಾರೆಯ ಬೆಳೆಗಾರರ ಹೆಸರುಗಳೆಲ್ಲ ಸಾಲಾಗಿ ಮೂಡಿದವು.

“ಮತ್ತೆ, ತುಂಬಿದ್ಯಲ್ಲ!” ಎಂದು ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಇಂಥ ಕೆಲಸಕ್ಕೆ ಕೂರುವಾಗ ಕಂಪ್ಯೂಟರ್ ಬಾರದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಮಾಡುತ್ತೇನೆ.