ಒಂದಡಿ ಹತ್ತಿರದ ಬಿಳಿ ಚುಕ್ಕೆ

ಬೆಳಗಿನ ಐದು ಗಂಟೆ. ಮೂವತ್ತು ಸಾವಿರ ಕುರ್ಚಿಗಳ ಕ್ರೀಡಾಂಗಣದಲ್ಲಿ ಇರುವುದು ಒಬ್ಬರೇ. ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಗೋಲಿನ ಗೆರೆಯಿಂದ ಉಕ್ಕಿನ ಟೇಪು ಎಳೆದು, ಕನ್ನಡಕ ಹಣೆಗೇರಿಸಿ ಅಂಕಿ ಓದುತ್ತಾರೆ. ಮೂವತ್ತಾರು ಅಡಿ. ಟೇಪು ಸುತ್ತಿಕೊಂಡು ಎದ್ದವರು ಪುನಃ ಗೋಲಿನ ಬಳಿಗೆ ಹೋಗಿ ಇನ್ನೊಮ್ಮೆ ಅಳೆಯುತ್ತಾರೆ. ಮತ್ತೂ ಒಂದು ಸಲ. ಮೂರು ಸಲವೂ ಅಂಕಿ ಒಂದೇ ಬಂದ ಮೇಲಷ್ಟೇ, ಪೆನಾಲ್ಟಿ ಒದೆಯುವ ಜಾಗದಲ್ಲಿ ಅಂಗೈಯಗಲದ ಬಿಳಿ ಚುಕ್ಕೆ ಇಡುತ್ತಾರೆ.

“ನೋಡಿದವ್ರು ನಂಗೆ ಅರಳುಮರಳು ಅಂದ್ಕೋತಾರೆ. ಅಂದ್ಕೊಳ್ಳಲಿ ಬಿಡಿ,” ಎನ್ನುತ್ತಾರೆ.

ಆಟಗಾರರ ಬಾಯಲ್ಲಿ ಇವರು ಗೆರೆಯಣ್ಣ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಒಂದು ಪಂದ್ಯಕ್ಕೆ ನಾಲ್ಕು ಬಕೆಟ್ ಸುಣ್ಣದ ನೀರು ಬೇಕು. ಗೆರೆ ಹಾಕುವ ಗಾಡಿಯನ್ನು ತಳ್ಳಿಕೊಂಡು ಒಂದು ಸುತ್ತು, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಸುತ್ತು. ಸುಣ್ಣ ತಿಂದು ಬೆರಳ ತುದಿಗಳೆಲ್ಲ ಸೀಳಿವೆ. ಎಡಮಂಡಿ ಎಂದೋ ಮುಷ್ಕರ ಹೂಡಿದೆ. ಆದರೂ ಇವರೆಳೆದ ಗೆರೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಕಾಣದು.

“ಮನೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೀರಿ ಅಂದ್ರೆ ಬರಲ್ಲ. ಅಲ್ಲಿ ನೂರು ಗಜ ನೆಟ್ಟಗೆ ಎಳೀತಾರಂತೆ!” ಎಂದು ಹೆಂಡತಿ ಕಾಲೆಳೆಯುತ್ತಾರೆ. ಮೈದಾನದ ನಾಲ್ಕು ಮೂಲೆಯ ಬಾವುಟ ಹೊಲಿಯುವುದು ಅವರೇ. ಗಂಡನ ಮೇಲಿನ ಹೆಮ್ಮೆಯನ್ನು ಬೈಗುಳದಲ್ಲಿ ಸುತ್ತಿಕೊಡುವುದು ಅವರ ಅಭ್ಯಾಸ.

ಕ್ಲಬ್ಬಿನ ಸುವರ್ಣಯುಗವನ್ನು ಇವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಒಂಬತ್ತು ವರ್ಷಗಳಲ್ಲಿ ಏಳು ಸಲ ಲೀಗ್ ಪ್ರಶಸ್ತಿ. ತವರಿನಲ್ಲಿ ಸತತ ಅರವತ್ತೊಂದು ಪಂದ್ಯ ಸೋಲೇ ಇಲ್ಲ. ಎದುರಾಳಿ ತಂಡದವರು ಆಗಲೇ ಎರಡು ಗೋಲು ತಿಂದವರ ಮುಖ ಹೊತ್ತು ಬಸ್ಸಿನಿಂದ ಇಳಿಯುತ್ತಿದ್ದರು. ಊರಿನ ಕ್ಷೌರದಂಗಡಿಗಳಲ್ಲಿ ನಾಯಕನ ತಲೆಗೂದಲಿನ ಮಾದರಿ ಬಿಟ್ಟರೆ ಬೇರೆ ಯಾವುದಕ್ಕೂ ಗಿರಾಕಿ ಇರಲಿಲ್ಲ. ಗೆರೆಯಣ್ಣ ಮಾತ್ರ ಚೆಂಡು ನೋಡಿದವರಲ್ಲ. “ಗೋಲಾದಾಗ ಜನ ಬಲೆ ನೋಡ್ತಾರೆ. ನಾನು ಎಲ್ಲಿ ಹುಲ್ಲು ಕಿತ್ತು ಬಂತು ಅಂತ ನೋಡ್ತೀನಿ,” ಎನ್ನುತ್ತಾರೆ.

ಆ ಏಳು ಪ್ರಶಸ್ತಿಗಳಲ್ಲಿ ಆರನೆಯದರ ಮಾತು ಬಂದರೆ ಅವರ ದನಿ ತಗ್ಗುತ್ತದೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಕೊನೆಯ ಪಂದ್ಯ, ಗೆದ್ದರಷ್ಟೇ ಪ್ರಶಸ್ತಿ. ಉದ್ದದ ಗೆರೆಗಳಿಗೆ ಟೇಪು ಹಿಡಿಯುತ್ತಿದ್ದರೂ, ಪೆನಾಲ್ಟಿ ಚುಕ್ಕೆಗೆ ಮಾತ್ರ ಹಿಂದಿನ ಗೆರೆಗಾರರು ಕೈಗಿತ್ತುಹೋದ ನಾರಿನ ಹಗ್ಗವೇ ಆಗಬೇಕಿತ್ತು. ಗೋಲಿನ ಗೆರೆಯ ಗೂಟಕ್ಕೆ ಒಂದು ತುದಿ ಕಟ್ಟಿ ಬಿಗಿಯಾಗಿ ಎಳೆದರೆ, ಗಂಟು ಬಂದು ನಿಂತಲ್ಲಿ ಚುಕ್ಕೆ. ಹಗ್ಗವನ್ನು ದಿನವೂ ಶೆಡ್ಡಿನೊಳಗೆ ನೇತುಹಾಕುವವರು ಅಂದು ಗಡಿಬಿಡಿಯಲ್ಲಿ ಬೇಲಿಯ ಮೇಲೆಯೇ ಬಿಟ್ಟರು. ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ನೆಂದ ಹಗ್ಗವನ್ನೇ ಎಳೆದು ಚುಕ್ಕೆಯಿಟ್ಟರು. ರೆಫರಿ ಬಂದು ನೋಡಿ, ಗೆರೆ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಹೋದರು.

ಎಂಬತ್ತೊಂಬತ್ತನೆಯ ನಿಮಿಷಕ್ಕೆ ತವರು ತಂಡಕ್ಕೆ ಪೆನಾಲ್ಟಿ. ಎದುರಾಳಿಯ ಇಪ್ಪತ್ತಮೂರು ವರ್ಷದ ಗೋಲ್‌ಕೀಪರ್ ಸರಿಯಾದ ದಿಕ್ಕಿಗೇ ಹಾರಿದ. ಚೆಂಡು ಅವನ ಬೆರಳ ತುದಿಗೆ ತಾಗಿ ಒಳಗೆ ಹೋಯಿತು. ಊರಿಗೆ ಊರೇ ಕುಣಿಯಿತು. ಗೆರೆಯಣ್ಣನನ್ನೂ ಯಾರೋ ಹೆಗಲ ಮೇಲೆ ಹೊತ್ತರು.

ಮೂರು ದಿನದ ಮೇಲೆ, ಒಣಗಿದ ಹಗ್ಗವನ್ನು ಎಳೆದು ನೋಡಿದರೆ ಗಂಟು ಚುಕ್ಕೆಯನ್ನು ದಾಟಿ ಒಂದಡಿ ಆಚೆ ಬಿತ್ತು. “ನೆಂದ ಹಗ್ಗ ಬಿಗಿದುಕೊಂಡು ಗಿಡ್ಡ ಆಗುತ್ತೆ ಅಂತ ಬಟ್ಟೆ ಒಣಹಾಕೋ ಎಲ್ರಿಗೂ ಗೊತ್ತು. ಹಗ್ಗದಲ್ಲೇ ಅಳತೆ ಮಾಡೋ ನಂಗೆ ಆವತ್ತು ಹೊಳೀಲಿಲ್ಲ. ಚೆಂಡನ್ನ ಒಂದಡಿ ಹತ್ತಿರ ಇಟ್ಟುಕೊಟ್ಟುಬಿಟ್ಟಿದ್ದೆ.”

ಆಗಿನ ಕಾರ್ಯದರ್ಶಿಗೆ ಅಂದೇ ಹೇಳಿದರು. “ಗೆದ್ದಾಯ್ತಲ್ಲ, ಇನ್ನೇನು ಅಳೆಯೋದು? ಬಾಯಿಗೆ ಬೀಗ ಹಾಕ್ಕೊಂಡು ಗೆರೆ ಹಾಕು,” ಎಂಬ ಉತ್ತರ ಬಂತು. ಹೊಟ್ಟೆಪಾಡಿನ ಅಂಜಿಕೆ, ಇವರು ಸುಮ್ಮನಾದರು. ಅತ್ತ ಆ ಹುಡುಗನಿಗೆ, ಚೆಂಡು ಕೈಜಾರಿಸಿದವನೆಂದು, ‘ಬೆಣ್ಣೆಗೈ’ ಎಂಬ ಹೆಸರು ಅಂಟಿತು. ಮರುವರ್ಷ ಯಾವ ತಂಡವೂ ಅವನನ್ನು ಕರೆಯಲಿಲ್ಲ.

ಹದಿನಾಲ್ಕು ವರ್ಷ ನುಂಗಿಕೊಂಡದ್ದು ಈ ವರ್ಷ ಗಂಟಲಿಗೆ ಬಂತು. ಕ್ಲಬ್ಬು ತನ್ನ ಸುವರ್ಣಯುಗದ ಬಗ್ಗೆ ದಪ್ಪ ಪುಸ್ತಕ ತರುತ್ತಿದೆ. ಅದರಲ್ಲಿ ಆ ಗೋಲಿನ ಚಿತ್ರದ ಕೆಳಗೆ ‘ಬೆಣ್ಣೆಗೈ ಮಾಡಿದ ಉಪಕಾರ’ ಎಂದು ತಮಾಷೆಗೆ ಬರೆದಿದ್ದಾರೆ. ಅದನ್ನು ಓದಿ ಗೆರೆಯಣ್ಣ ಊಟ ಬಿಟ್ಟರು. ಈಗಿನ ಕಾರ್ಯದರ್ಶಿಯ ಬಳಿ ಹೋಗಿ, ಆ ಸಾಲು ತೆಗೆದು ನಿಜ ಬರೆಯಿರಿ ಎಂದು ಕೇಳಿದರು. ಮುಂದಿನ ತಿಂಗಳು ಗೆರೆಯಣ್ಣನ ನಿವೃತ್ತಿ. ಕೊನೆಯ ಪಂದ್ಯದ ವಿರಾಮದಲ್ಲಿ ಮೈದಾನದ ನಡುವೆ ನಿಲ್ಲಿಸಿ ಸನ್ಮಾನ ಮಾಡುವುದೆಂದು ನಿಶ್ಚಯವಾಗಿತ್ತು. ಈ ಮಾತು ಹೊರಗೆ ಬಿದ್ದರೆ ಸನ್ಮಾನವಿಲ್ಲ ಎಂದು ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿದರು.

ಆ ಸಂಜೆ ಹೆಂಡತಿ ಸೂಜಿ ಕೆಳಗಿಟ್ಟು ಹೇಳಿದ್ದು ಒಂದೇ ಮಾತು. “ಮೂವತ್ತೊಂದು ವರ್ಷ ನೆಟ್ಟಗೆ ಎಳ್ದಿದೀರಿ. ಕೊನೇದನ್ನ ಯಾಕೆ ಸೊಟ್ಟ ಮಾಡ್ತೀರಿ?”

ಮಾರನೆಯ ದಿನವೇ ನಾಲ್ಕು ಗಂಟೆಯ ಬಸ್ ಪ್ರಯಾಣ ಮಾಡಿ ಆ ಗೋಲ್‌ಕೀಪರ್ ಮನೆ ಹುಡುಕಿದರು. ಅವರೀಗ ಶಾಲೆಯ ವ್ಯಾನ್ ಓಡಿಸುತ್ತಾರೆ, ತಲೆ ಅರ್ಧ ನರೆತಿದೆ. ಗೆರೆಯಣ್ಣ ನಿಂತುಕೊಂಡೇ ಎಲ್ಲವನ್ನೂ ಹೇಳಿ ಮುಗಿಸಿದರು. ಬೈಗುಳಕ್ಕೂ ಏಟಿಗೂ ಸಿದ್ಧರಾಗಿಯೇ ಹೋಗಿದ್ದರು. ಗೋಲು ಕಾದವರು ಬೈಯಲಿಲ್ಲ. ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡು, “ಅಣ್ಣ, ಇದನ್ನ ನನ್ನ ಮಗಳ ಎದುರಿಗೆ ಇನ್ನೊಂದ್ಸಲ ಹೇಳ್ತೀರಾ?” ಎಂದು ಕೇಳಿದರು.

ಹದಿಮೂರರ ಮಗಳು ಒಳಗಿನಿಂದ ಬಂದಳು. ಅವಳೂ ಶಾಲೆಯ ತಂಡದಲ್ಲಿ ಗೋಲು ಕಾಯುತ್ತಾಳೆ, ಒಂದು ಚೆಂಡು ತಪ್ಪಿದರೂ ‘ಬೆಣ್ಣೆಗೈ ಮಗಳು’ ಎನ್ನಿಸಿಕೊಳ್ಳುತ್ತಾಳೆ. ಕೇಳಿ ಮುಗಿದ ಮೇಲೆ ಅವಳು, “ಹಾಗಾದ್ರೆ ಅಪ್ಪ ಹಿಡೀತಿದ್ರಾ?” ಎಂದಳು.

ಹೌದು ಎಂದುಬಿಡಬಹುದಿತ್ತು. ಗೆರೆಯಣ್ಣನಿಗೆ ಸುಳ್ಳಳತೆ ಇನ್ನೊಮ್ಮೆ ಬೇಡವಾಗಿತ್ತು. “ಅದು ನಂಗೊತ್ತಿಲ್ಲಮ್ಮ. ಹಿಡಿಯೋಕೆ ಅವ್ರಿಗೊಂದು ಅವಕಾಶ ಸಿಗಬೇಕಿತ್ತು. ಅದನ್ನ ನಾನು ಕಿತ್ಕೊಂಡೆ,” ಎಂದರು. ಹುಡುಗಿ ಅಪ್ಪನ ಪಕ್ಕಕ್ಕೆ ಹೋಗಿ ಒತ್ತಿ ಕುಳಿತಳು. ಇದನ್ನು ಹೇಳುವಾಗ ಗೆರೆಯಣ್ಣನ ಕಣ್ಣು ತುಂಬುತ್ತದೆ, ಕೇಳುವವರದ್ದೂ.

ಇದು ಪತ್ರಿಕೆಯಲ್ಲಿ ಬಂದರೆ ಸನ್ಮಾನ ತಪ್ಪುವುದು ಅವರಿಗೆ ಗೊತ್ತು. ಬೇಸರವಿಲ್ಲ ಎಂದೇನೂ ಹೇಳುವುದಿಲ್ಲ, ಹೆಂಡತಿ ಆ ದಿನಕ್ಕೆಂದೇ ಹೊಲಿದ ಅಂಗಿ ಗೂಟದಲ್ಲಿ ನೇತಾಡುತ್ತಿದೆ. ನಮ್ಮ ಪತ್ರಿಕೆಯ ಛಾಯಾಗ್ರಾಹಕರು ಗಾಡಿಯ ಪಕ್ಕ ನಿಲ್ಲಲು ಹೇಳಿದರೆ ಕೈಯಾಡಿಸಿ ಬೇಡವೆನ್ನುತ್ತಾರೆ.

“ನನ್ನ ಫೋಟೋ ಹಾಕದಿದ್ರೂ ನಡೆಯುತ್ತೆ. ತಪ್ಪು ಗೋಲು ಕಾದವ್ರದಲ್ಲ, ಗೆರೆ ಹಾಕಿದವನದು ಅಂತ ಒಂದು ಸಾಲು ದಪ್ಪಕ್ಷರದಲ್ಲಿ ಹಾಕ್ಬಿಡಿ,” ಎನ್ನುತ್ತಾರೆ. ಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, ಸ್ವಲ್ಪ ಅಳುಕಿನಿಂದಲೇ ಕೇಳುತ್ತಾರೆ: “ಅವ್ರ ಊರಿಗೂ ನಿಮ್ಮ ಪೇಪರ್ ಹೋಗುತ್ತೆ ತಾನೆ?”