ಬಸುರವ್ವನಿಗೆ ಉಡಿ ತುಂಬಿದ್ದು

ನನ್ನ ತವರೂರು ಕೊಹಿನೂರಿನ ನಮ್ಮ ಹೊಲದಲ್ಲಿ, ಬಾವಿಯ ಪಕ್ಕದ ಬೇವಿನ ಮರಕ್ಕೆ ಒರಗಿಸಿಟ್ಟ ಒಂದು ಕಲ್ಲಿನ ಹೆಣ್ಣುದೇವರಿದೆ. ಡೊಳ್ಳು ಹೊಟ್ಟೆ, ಜೋತುಬಿದ್ದ ತುಟಿ, ಕೈಯಲ್ಲಿ ಏನೋ ಒಂದು ಕಟ್ಟು, ತಲೆಯ ಪಕ್ಕದಲ್ಲೊಂದು ಹಕ್ಕಿ. ನಮ್ಮಜ್ಜಿ ಆಕೆಯನ್ನು ಬಸುರವ್ವ ಎನ್ನುತ್ತಿದ್ದಳು. ಆ ಹೊಟ್ಟೆ ಕಂಡ ಮೇಲೆ ಬೇರೆ ಹೆಸರು ಯಾರಿಗೆ ಹೊಳೆದೀತು? ಕೈಯಲ್ಲಿರುವುದು ಜೋಳದ ತೆನೆ, ಹಕ್ಕಿ ಗಿಣಿ ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು. ನಾವು ಶರಣರ ನೆಲದವರು, ದೇವರೊಬ್ಬನೇ ಎಂದು ಕೇಳಿಕೊಂಡೇ ಬೆಳೆದವರು. ಆದರೂ ಕುಂಕುಮ ಹಚ್ಚಿದ ಕಲ್ಲು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಹಾಗಂತ ಬಸುರವ್ವನಿಗೆ ಭಕ್ತರೇನೂ ಮುಗಿಬೀಳುತ್ತಿರಲಿಲ್ಲ. ಕಳೆ ತೆಗೆಯಲು ಬಂದ ಹೆಂಗಸರು ಬುತ್ತಿ ಬಿಚ್ಚಿದಾಗ ಒಂದು ಚೂರು ರೊಟ್ಟಿ ಇಟ್ಟರೆ ಅಂದು ಆಕೆಗೆ ಹಬ್ಬ.

ನನ್ನ ಅಕ್ಕನನ್ನು ಹುಮನಾಬಾದಿಗೆ ಕೊಟ್ಟಿತ್ತು. ಅಂಗಡಿ ಇಟ್ಟುಕೊಂಡ ಮನೆತನ, ಉಣ್ಣಲು ಉಡಲು ಕಡಿಮೆಯಿಲ್ಲ. ಬಹಳ ವರ್ಷ ಮಕ್ಕಳಾಗಲಿಲ್ಲ ಎಂಬುದೊಂದು ಕೊರತೆ, ಅದನ್ನು ದಿನಾ ನೆನಪಿಸುವ ಅತ್ತೆ. ಆ ಅತ್ತೆ ಕೆಟ್ಟವರಲ್ಲ, ನಾಲಿಗೆಗೆ ಮಾತ್ರ ಲಗಾಮಿಲ್ಲ. ಹಾಲು ಉಕ್ಕಿದ ಮಾತು ಎತ್ತಿದರೂ ಬಂದು ನಿಲ್ಲುತ್ತಿದ್ದುದು ತೊಟ್ಟಿಲ ಹತ್ತಿರವೇ. ಅಕ್ಕನೂ ಸುಮ್ಮನಿರುವವಳಲ್ಲ, ಒಂದಕ್ಕೆ ಎರಡು ಕೊಡುತ್ತಿದ್ದಳು. ಆಮೇಲೆ ಮಾಳಿಗೆ ಹತ್ತಿ ನನಗೆ ಫೋನು ಹಚ್ಚಿ ಅಳುತ್ತಿದ್ದಳು. ಅವಳು ಹತ್ತದ ಗುಡಿಯಿಲ್ಲ, ತೋರಿಸದ ದವಾಖಾನೆಯಿಲ್ಲ. ಒಮ್ಮೆ ತವರಿಗೆ ಬಂದಾಗ ಬಸುರವ್ವನ ಮುಂದೆ ಕುಳಿತು, ನಾನು ಬಸಿರಾಗಿ ನನಗೆ ಕುಬಸ ಮಾಡುವ ಕಾಲ ಬಂದರೆ ಮೊದಲು ನಿನಗೆ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತಳು. ಮುಂದಿನ ದೀಪಾವಳಿಯೊಳಗೆ ಬಸಿರಾದಳು. ಔಷಧದ ಪಾಲೂ ಇದ್ದೀತು; ಅಕ್ಕ ಮಾತ್ರ ಪೂರ್ತಿ ಶ್ರೇಯವನ್ನು ಕಲ್ಲಿಗೇ ಕೊಟ್ಟಳು.

ಕುಬಸಕ್ಕೆ ಅಕ್ಕ ತವರಿಗೆ ಬಂದಳು, ಅವಳತ್ತೆಯೂ ಬಂದರು. ಬಸವಕಲ್ಯಾಣದಿಂದ ನಮ್ಮ ಸೋದರಮಾವನೂ ಬಂದ. ಆತ ನಿವೃತ್ತ ಮಾಸ್ತರ, ಹಳೆಯ ಕಲ್ಲು ಕಂಡಲ್ಲಿ ಮೊಬೈಲು ಹಿಡಿದು ಬಗ್ಗುವ ಚಟ. ಹೊಲಕ್ಕೆ ಹೋಗಿ ಬಂದವನೇ ಫೋಟೊ ದೊಡ್ಡದು ಮಾಡಿ ತೋರಿಸಿದ. ಅದು ತೆನೆಯಲ್ಲವಂತೆ, ಕಸಬರಿಗೆ. ಗಿಣಿಯೂ ಅಲ್ಲ, ಕಾಗೆ. ಹೊಟ್ಟೆ ಬಸಿರಿನದಲ್ಲ, ಬರೀ ಬೊಜ್ಜು. ಈಕೆ ಜ್ಯೇಷ್ಠಾದೇವಿ, ಲಕ್ಷ್ಮಿಯ ಅಕ್ಕ, ದಾರಿದ್ರ್ಯದ ದೇವತೆ. ಹಿಂದೆ ಪೂಜೆ ಇತ್ತು, ಬರಬರುತ್ತ ಜನ ಹೆದರಿ ಬಿಟ್ಟರು ಎಂದ. ತಂಗಿಯನ್ನು ಎಲ್ಲರೂ ಒಳಗೆ ಕರೆಯುತ್ತಾರೆ, ಅಕ್ಕನನ್ನು ಯಾರು ಕರೆದಾರು? ಜಗಳವಿರುವ ಮನೆ, ಬಂದವರಿಗೆ ಊಟವಿಲ್ಲದ ಮನೆ, ಇವೇ ಆಕೆಯ ಠಿಕಾಣಿ ಎಂದು ಪಾಠ ಮಾಡಿದ ಖುಷಿಯಲ್ಲಿ ಹುಗ್ಗಿಗೆ ತುಪ್ಪ ಕೇಳಿದ.

ತುಪ್ಪ ಕೊಡುವವರೇ ಇರಲಿಲ್ಲ. ಹೆಂಗಸರೆಲ್ಲ ಅಕ್ಕನ ಹೊಟ್ಟೆಯನ್ನೇ ನೋಡುತ್ತಿದ್ದರು. ಹರಕೆ ತೀರಿಸಿದರೆ ದಾರಿದ್ರ್ಯ ಹೊಸ್ತಿಲು ದಾಟಿ ಒಳಗೆ ಬಂದೀತು. ತೀರಿಸದಿದ್ದರೆ ಮುನಿದ ದೇವಿ ಕೂಸಿಗೆ ಏನು ಮಾಡಿಯಾಳೋ? ಒಳ್ಳೆಯ ದೇವರಾದರೆ ತಪ್ಪುಕಾಣಿಕೆ ಇಟ್ಟು ಸಮಾಧಾನ ಮಾಡಬಹುದು, ಇಂಥವಳಿಗೆ ಏನು ಇಡುವುದು ಎಂದು ಅವ್ವ ಕೈಚೆಲ್ಲಿದಳು. ಅಕ್ಕನ ಅತ್ತೆ ಖಡಾಖಂಡಿತ ಬೇಡವೆಂದರು. ಬರೀ ಬೇಡವೆನ್ನಲಿಲ್ಲ, ಹಸಿರು ಸೀರೆಯ ಗಂಟನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತುಬಿಟ್ಟರು. ನನಗೂ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷ ಕಾದ ಕೂಸು.

ಅಕ್ಕ ಕಣ್ಣೊರೆಸಿಕೊಂಡು, ಆ ದೇವಿ ಎಂಥ ಮನೆಯಲ್ಲಿ ಇರುತ್ತಾಳೆ ಎಂದು ಮಾವನನ್ನು ಇನ್ನೊಮ್ಮೆ ಕೇಳಿದಳು. ಆತ ಇನ್ನೊಮ್ಮೆ ಹೇಳಿದ. ಆಗ ಅಕ್ಕ ಅತ್ತೆಯ ಕಡೆ ತಿರುಗಿದಳು.

“ಜಗಳ ಇದ್ದ ಮನ್ಯಾಗ ಇರತಾಳಂತ್ರಿ ಅತ್ತಿ. ಹಂಗಂದ್ರ ನಾ ಲಗ್ನಾಗಿ ಬಂದಾಗಿಂದ ನಮ್ಮ ಮನ್ಯಾಗೇ ಅದಾಳ. ಹೊಸದಾಗಿ ಏನ್ ಕರೀಲಿ ಆಕಿನ್ನ?”

ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ. ಅವ್ವ ನೆಲ ನೋಡಿದಳು. ಅಕ್ಕನ ದನಿ ಮಾತ್ರ ಮೆತ್ತಗಾಯಿತು. “ಉಳಿದ ದೇವ್ರ ಮುಂದ ಪಾಳಿ ಹಚ್ಚಿ ನಿಂತು ಬಂದೀನ್ರಿ. ನನ್ನ ಮಾತ ಕೇಳಾಕ ಪುರಸೊತ್ತ ಇದ್ದದ್ದು ಈಕಿ ಒಬ್ಬಾಕಿಗೇ.”

ಅತ್ತೆ ತೊಡೆಯ ಕೆಳಗಿನ ಗಂಟನ್ನು ಹೊರಗೆಳೆದರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಲದ ದಾರಿ ಹಿಡಿದರು. ನಾವು ಅಕ್ಕಿ, ಕೊಬ್ಬರಿ, ಬಳೆಗಳ ತಟ್ಟೆ ಹಿಡಿದು ಬೆನ್ನು ಹತ್ತಿದೆವು. ಸೀರೆ ಉಡಿಸಿದ್ದು, ಉಡಿ ತುಂಬಿದ್ದು ಎಲ್ಲ ಅವರೇ. ನಮಗೆ ಕೇಳಿಸದು ಎಂದುಕೊಂಡು ಆ ಕಲ್ಲಿನ ಕಿವಿಯ ಹತ್ತಿರ ಬಗ್ಗಿ ಮಾತಾಡಿದರು.

“ಇಷ್ಟ ದಿನ ನಮ್ಮ ಮನ್ಯಾಗ ಇದ್ದೆವ್ವ. ನೀ ಆಗಿ ಬಂದಾಕಿ ಅಲ್ಲ, ನಾನೇ ಕರಕೊಂಡಿದ್ದೆ. ಇನ್ನ ಇಲ್ಲೇ ಇರು. ವರ್ಷಾ ವರ್ಷಾ ನಾನೇ ಬಂದು ಸೀರಿ ಉಡಸ್ತೀನಿ.”

ಏಳಲು ಹೋದರೆ ಮೊಣಕಾಲು ನೆಟ್ಟಗಾಗಲೊಲ್ಲದು. ಅಕ್ಕ ತುಂಬಿದ ಹೊಟ್ಟೆ ಹೊತ್ತುಕೊಂಡೇ ಕೈ ಚಾಚಿದಳು. ನೀನು ಬಗ್ಗಬೇಡ ಎಂದು ಅತ್ತೆ ಗದರಿದರು, ಗದರುತ್ತಲೇ ಆ ಕೈಯನ್ನು ಹಿಡಿದು ಎದ್ದರು.