ಹುಣಸೆ ಮರದ ಬಳಿ ಇಳಿದ ಭಾವ

ಮೊನ್ನೆ ನಾನು ಕೂತಿದ್ದ ಆಟೋ ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಂತಿತು. ರಬ್ಬರ್ ಸೊಲ್ಯೂಷನ್ನಿನ ಘಾಟು ಮೂಗಿಗೆ ಬಡಿಯಿತು. ಡ್ರೈವರ್ ಏನೋ ಕೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ನಾನಾಗಲೇ ರಾಯದುರ್ಗದ ನಮ್ಮ ಓಣಿಯಲ್ಲಿದ್ದೆ, ಪಕ್ಕದ ಮನೆಯ ಜಗಲಿಯಲ್ಲಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ ಭಾವನ ಎದುರಿಗೆ...

ನನ್ನ ಸ್ವಂತ ಭಾವನಲ್ಲ. ಪಕ್ಕದ ಮನೆಯ ಅಕ್ಕನನ್ನು ಮದುವೆಯಾಗಿ ಮಾವನ ಮನೆಯಲ್ಲೇ ಉಳಿದ ಅಳಿಯ. ಹುಟ್ಟೂರು ಮಡಕಶಿರ. ಮಾವನ ಸೀರೆ ಗಂಟುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಎದುರಿಗೆ ಹಿರಿಯರು ಯಾರೇ ಬರಲಿ, ಸೈಕಲ್ಲಿನಿಂದ ಇಳಿದು ಅವರು ದಾಟುವವರೆಗೆ ನಿಲ್ಲುತ್ತಿದ್ದರು. ಆ ಕಾಲದ ಮ್ಯಾನರ್ಸ್ ಅದು. ಆದರೂ ಪರವೂರಿನವರೆಂದು ಓಣಿ ಅವರನ್ನು ಪೂರ್ತಿ ನಂಬಲಿಲ್ಲ. “ಇಷ್ಟು ನಯ ಇದ್ದೋರನ್ನ ಕಂಡ್ರ ನನಗ ಹೆದರಿಕಿ ನೋಡ್ರಿ” ಎಂದು ಎದುರು ಮನೆಯ ಅಜ್ಜಿ ನಗುತ್ತಿದ್ದಳು.

ಆಗ ನಮ್ಮೂರು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿಯ ಕಾನ್ವೆಂಟಿನಿಂದ ನಾನು ರಜೆಗೆ ಬಂದಾಗ ಊರ ತುಂಬ ಸೈಕಲ್ ರೇಸಿನದೇ ಮಾತು. ರಾಯದುರ್ಗದ ವರ್ತಕರದೊಂದು ಟೀಮು, ಮಡಕಶಿರದವರದೊಂದು. ಸಂಬಳ ಕೊಟ್ಟು ಇಟ್ಟುಕೊಂಡ ಸವಾರರು. ಮೊದಲ ದಿನ ಕಲ್ಯಾಣದುರ್ಗ, ಮರುದಿನ ಮೈಸೂರು ಸೀಮೆಯ ಪಾವಗಡ, ಕೊನೆಯ ದಿನ ಮಡಕಶಿರ. ನಮ್ಮ ಟೀಮಿಗೆ ಡ್ಯಾಡಿಯೇ ಮ್ಯಾನೇಜರ್. ಭಾವನನ್ನು ಸೇರಿಸಿಕೊಂಡಾಗಲೇ ಗುಸುಗುಸು ಎದ್ದಿತ್ತು. ಹೊರಡುವ ಬೆಳಿಗ್ಗೆ ಅವರ ಮಾವ ಎಲ್ಲರೆದುರು ಹೇಳಿದರು: “ನಿಮ್ಮೂರು ಹತ್ರ ಬಂತಂತ ಕಾಲು ಸಡಿಲ ಬಿಟ್ಟಿ ಅಂದ್ರ, ತಿರುಗಿ ನನ್ನ ಹೊಸ್ತಿಲ ತುಳಿಬ್ಯಾಡ.”

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಭಾವ “ಆಗ್ಲಿ ಮಾವ” ಎಂದರು, ಅಷ್ಟೇ.

ಡ್ಯಾಡಿಯ ಬಾಡಿಗೆ ಮೋಟಾರಿನಲ್ಲಿ ನಾನೂ ಹಿಂದೆ ಹೋದೆ. ಎರಡು ದಿನ ಕಳೆದಾಗ ಎರಡೂ ಟೀಮು ಸರಿಸಮ. ಇನ್ನು ಮಡಕಶಿರವನ್ನು ಯಾರು ಮೊದಲು ಮುಟ್ಟುತ್ತಾರೋ ಅವರದೇ ರೇಸು. ಪಾವಗಡದ ಛತ್ರದಲ್ಲಿ ಎದುರು ಟೀಮಿನ ಕಡೆಯ ಒಬ್ಬಾತ, ಸವಾರನಲ್ಲ, ಭಾವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ಹೋದ. ಡ್ಯಾಡಿಯ ಕಣ್ಣು ಕಿರಿದಾಯಿತು.

“ಏನಂದ ಅವ?”

“ನಮ್ಮಪ್ಪಂಗೆ ಮಂಡಿನೋವು ಜಾಸ್ತಿ ಆಗೈತಂತೆ ಸಾಮಿ. ಎದ್ದು ಓಡಾಡಕ್ಕಾಗಲ್ವಂತೆ.”

ಡ್ಯಾಡಿ ಅವತ್ತು ಭಾವನ ನೀರಿನ ಸೀಸೆಯನ್ನು ತಾವೇ ತುಂಬಿಸಿ, ಯಾರೂ ಅದಕ್ಕೆ ಏನೂ ಬೆರೆಸದಂತೆ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು.

ಮೂರನೆಯ ದಿನ ಎದುರುಗಾಳಿ. ನಮ್ಮ ಉಳಿದ ಸವಾರರು ಸರದಿಯಲ್ಲಿ ಮುಂದೆ ಹೋಗಿ ಗಾಳಿಗೆ ಎದೆ ಕೊಟ್ಟು, ಭಾವನನ್ನು ಬೆನ್ನ ಹಿಂದೆ ಇಟ್ಟುಕೊಂಡು ಅವರ ಶಕ್ತಿ ಕಾಪಾಡಿದರು. ಒಬ್ಬೊಬ್ಬರೇ ದಣಿದು ಹಿಂದೆ ಬಿದ್ದರು. ಊರು ಕಾಣುವ ಹೊತ್ತಿಗೆ ಭಾವ ಒಬ್ಬರೇ ಮುಂದೆ. ಮಡಕಶಿರದವನೊಬ್ಬ ಬಹಳ ಹಿಂದೆ, ದೂಳಿನಲ್ಲಿ.

ಊರಂಚಿನ ಹುಣಸೆ ಮರದ ಕೆಳಗೆ ಒಬ್ಬ ಮುದುಕರು ಕೋಲೂರಿ ನಿಂತಿದ್ದರು. ತಲೆಗೆ ಹೊಸ ರುಮಾಲು. ಹಿಂದೊಬ್ಬ ಅವರಿಗೆ ಕೊಡೆ ಹಿಡಿದಿದ್ದ. ಭಾವ ಸೈಕಲ್ ಇಳಿದರು. ಚಪ್ಪಲಿ ಕಳಚಿ, ಮುದುಕರ ಪಾದ ಮುಟ್ಟಿದರು. ಆಮೇಲೆ ಸೈಕಲ್ಲನ್ನು ಕೈಯಲ್ಲೇ ತಳ್ಳಿಕೊಂಡು, ಅವರನ್ನು ದಾಟುವವರೆಗೆ ನಡೆದರು. ಅಷ್ಟರಲ್ಲಿ ಮಡಕಶಿರದವನು ಗಂಟೆ ಬಾರಿಸುತ್ತಾ ಹಾದುಹೋಗಿ ಊರನ್ನು ಮೊದಲು ಮುಟ್ಟಿದ.

“ಯಾಕ ಇಳಿದಿ?” ಡ್ಯಾಡಿ ಮೋಟಾರಿನಿಂದ ಇಳಿದು ಬಂದು ಕೇಳಿದರು.

“ನಮ್ಮಪ್ಪ ನಿಂತಿದ್ರು ಸಾಮಿ. ಅಪ್ಪನ್ ಮುಂದೆ ಸೈಕಲ್ ಮ್ಯಾಲೆ ಕುಂತ್ಕಂಡು ಎಂಗೆ ಓಗಾದು?”

“ಏಳಾಕ ಆಗದಾವ ಇಲ್ಲಿಗೆ ಹ್ಯಾಂಗ ಬಂದ?”

ಭಾವ ಮರದ ಕಡೆಗೆ ತಿರುಗಿ ನೋಡಿದರು. “ಡ್ಯಾಡಿ, ಕೊಡೆ ಹಿಡಿದವನು ಪಾವಗಡದಲ್ಲಿ ಮಾತಾಡಿಸಿದವನೇ” ಎಂದೆ ನಾನು, ಭಾವನಿಗೆ ಸಹಾಯವಾಗಲೆಂದೇ. ಭಾವನನ್ನು ಇಳಿಸಲೆಂದೇ ಎದುರು ಟೀಮಿನವರು ಮುದುಕರನ್ನು ಹೊತ್ತು ತಂದು ನಿಲ್ಲಿಸಿದ್ದರಲ್ಲವೇ? ಡ್ಯಾಡಿ ತಲೆಯಾಡಿಸಿದರು. “ಹಂಗಾದ್ರ ಅಪ್ಪ, ಮಗ, ಊರು, ಎಲ್ಲಾ ಕೂಡೇ ಮಾಡ್ಯಾರ.”

ಸುದ್ದಿ ನಮಗಿಂತ ಮುಂಚೆ ರಾಯದುರ್ಗ ಮುಟ್ಟಿತ್ತು. ಮಾವ ಹೊಸ್ತಿಲ ಮೇಲೆ ಕೂತಿದ್ದರು. ಅವರನ್ನು ಕಂಡು ಭಾವ ದೂರದಲ್ಲೇ ಸೈಕಲ್ ಇಳಿದರು.

“ಅಲ್ಲೇ ನಿಲ್ಲು. ಇಳಿಯಾದು ಚಲೋ ಕಲ್ತಿ” ಎಂದರು ಮಾವ.

ಅಕ್ಕ ಟ್ರಂಕು ಹಿಡಿದು ಒಳಗಿನಿಂದ ಬಂದರು. “ನಿನ್ನ ಮುಂದ ಇಳಿದ್ರ ಮರ್ಯಾದಿ, ಅವರಪ್ಪನ ಮುಂದ ಇಳಿದ್ರ ಮೋಸ ಏನಪ್ಪಾ? ಸರಿ, ದಾರಿ ಬಿಡು.”

ಮಾವ ಅಲುಗಲಿಲ್ಲ. ಅಕ್ಕ ಅವರನ್ನು ಬಳಸಿಕೊಂಡು ಹೊರಬಂದರು. ಇಬ್ಬರೂ ಮಡಕಶಿರಕ್ಕೂ ಹೋಗಲಿಲ್ಲವಂತೆ. ದಾವಣಗೆರೆಯ ಕಡೆ ಕಂಡೆವು ಎಂದು ಯಾರೋ ಅಂದರು, ಇಲ್ಲ ಎಂದು ಮತ್ತೊಬ್ಬರು...

ಅಕ್ಕನ ಮಾತು ಸರಿ ಎಂದೇ ಇಷ್ಟು ವರ್ಷ ನಂಬಿದ್ದೇನೆ. ಆದರೂ ಒಂದು ಮಾತು. ಮೋಟಾರಿನ ಗಾಜಿನಿಂದ ನಾನು ನೋಡಿದ್ದೆ: ರಸ್ತೆ ತಿರುಗಿ ಆ ಮರ ಕಣ್ಣಿಗೆ ಬೀಳುವ ಮೊದಲೇ ಭಾವನ ಕಾಲು ಪೆಡಲು ತುಳಿಯುವುದನ್ನು ನಿಲ್ಲಿಸಿಬಿಟ್ಟಿತ್ತು. ದಣಿವೇ? ಅಪ್ಪ ನಿಂತಿರುತ್ತಾರೆಂದು ಗೊತ್ತಿತ್ತೇ? ಗಾಜಿಗೆ ದೂಳು ಹಿಡಿದಿತ್ತು, ನನಗೇ ಖಚಿತವಿಲ್ಲ.

ಡ್ಯಾಡಿ ಹೋದರು, ಮಾವ ಹೋದರು, ಓಣಿಯ ಆ ಮಂದಿಯೆಲ್ಲ ಹೋದರು. ಭಾವನೂ ಎಲ್ಲೋ ಹೋಗಿಯೇ ಇರಬೇಕು. ಅವರ ಮೇಲೆ ಸಂಶಯಪಡಲಿಕ್ಕೂ ಈಗ ಉಳಿದಿರುವುದು ನಾನೊಬ್ಬಳೇ.